ಸಂಶೋಧನೆ ಮತ್ತು ಬೋಧನೆ: ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಪರಂಪರೆ

ವಿಶ್ವವಿದ್ಯಾಲಯದ ಪ್ರಾಧ್ಯಾಪಕನಿಗೆ ಎರಡು ಕರ್ತವ್ಯಗಳಿವೆ. ಇದ್ದ ಜ್ಞಾನವನ್ನು ವಿದ್ಯಾರ್ಥಿಗಳಿಗೆ ದಾಟಿಸುವುದು ಮೊದಲನೆಯದು; ಇಲ್ಲದ ಜ್ಞಾನವನ್ನು ಹುಡುಕಿ ಇದ್ದುದಕ್ಕೆ ಕೂಡಿಸುವುದು ಎರಡನೆಯದು. ಮೊದಲನೆಯದನ್ನು ಬೋಧನೆಯೆಂದೂ ಎರಡನೆಯದನ್ನು ಸಂಶೋಧನೆಯೆಂದೂ ಕರೆಯುತ್ತೇವೆ. ಬೋಧನೆಯ ಫಲ ಪರೀಕ್ಷೆಯ ಫಲಿತಾಂಶದಲ್ಲಿ ವರುಷವರುಷವೂ ಕಣ್ಣಿಗೆ ಬೀಳುತ್ತದೆ. ಸಂಶೋಧನೆಯ ಫಲ ಹಾಗಲ್ಲ. ಅದು ಹತ್ತು ವರುಷಕ್ಕೊಮ್ಮೆ, ಕೆಲವೊಮ್ಮೆ ಒಂದು ತಲೆಮಾರಿಗೊಮ್ಮೆ ತೋರುವಂಥದು. ಆದ್ದರಿಂದಲೇ ವಿದ್ಯಾಸಂಸ್ಥೆಗಳಿಗೆ ಧನಸಹಾಯ ಮಾಡುವ ಹಿರಿಯರಲ್ಲಿ ಒಂದು ಪ್ರಶ್ನೆ ಸಹಜವಾಗಿ ಏಳುತ್ತದೆ: ಪ್ರೌಢಶಾಲೆಯ ಗುರುಗಳು ದಿನವಿಡೀ ಪಾಠ ಹೇಳುತ್ತಿರುವಾಗ, ವಾರಕ್ಕೆ ಕೆಲವೇ ಗಂಟೆ ಪಾಠ ಹೇಳುವ ಪ್ರಾಧ್ಯಾಪಕರು ಉಳಿದ ವೇಳೆಯಲ್ಲಿ ಏನು ಮಾಡುತ್ತಾರೆ? ಅದರಿಂದ ಹಳ್ಳಿಯ ಮಗುವಿಗೆ ಏನು ಪ್ರಯೋಜನ?

ಪ್ರಶ್ನೆ ನ್ಯಾಯವಾದುದೇ. ವಿಶ್ವವಿದ್ಯಾಲಯ ಅನುದಾನ ಆಯೋಗದ ೨೦೧೮ರ ನಿಯಮಾವಳಿಯು ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ ೧೬ ಗಂಟೆ, ಸಹ ಪ್ರಾಧ್ಯಾಪಕರಿಗೂ ಪ್ರಾಧ್ಯಾಪಕರಿಗೂ ೧೪ ಗಂಟೆಗಳ ನೇರ ಬೋಧನೆಯನ್ನು ಗೊತ್ತುಪಡಿಸಿತು. ಉಳಿದ ವೇಳೆ ಅಭ್ಯಾಸಕ್ಕೆ, ಪ್ರಯೋಗಾಲಯಕ್ಕೆ, ಕ್ಷೇತ್ರಕಾರ್ಯಕ್ಕೆ ಮೀಸಲು. ಈ ಮೀಸಲು ವೇಳೆ ಸಾರ್ಥಕವಾದಾಗ ಏನಾಗುತ್ತದೆಂಬುದನ್ನು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕಲಾ ಮತ್ತು ವಿಜ್ಞಾನ ವಿಭಾಗಗಳ ನಿದರ್ಶನದಿಂದಲೂ, ನಮ್ಮ ಹುಕ್ಕೇರಿ, ಗೋಕಾಕ, ಮೂಡಲಗಿ ಸೀಮೆಯ ನೆಲದ ನಿದರ್ಶನದಿಂದಲೂ ವಿವರಿಸುವುದು ಈ ಲೇಖನದ ಉದ್ದೇಶ.

ವಿದ್ಯಾಪೀಠದ ಹುಟ್ಟು

ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳ ವಿದ್ಯಾರ್ಥಿಗಳಿಗೆ ಬಹುಕಾಲ ತಮ್ಮದೇ ಆದ ವಿಶ್ವವಿದ್ಯಾಲಯವಿರಲಿಲ್ಲ. ೧೯೧೭ರಲ್ಲಿ ಧಾರವಾಡದಲ್ಲಿ ಕರ್ನಾಟಕ ಮಹಾವಿದ್ಯಾಲಯ ಆರಂಭವಾಯಿತು. ೧೯೧೬ರಲ್ಲಿ ಹುಟ್ಟಿದ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯು ೧೯೩೩ರಲ್ಲಿ ಬೆಳಗಾವಿಯಲ್ಲಿ ಲಿಂಗರಾಜ ಮಹಾವಿದ್ಯಾಲಯವನ್ನು ತೆರೆಯಿತು. ಶಿರಸಂಗಿಯ ಲಿಂಗರಾಜರ ಹೆಸರು ಹೊತ್ತ ಈ ಮಹಾವಿದ್ಯಾಲಯವೂ, ವಂಟಮುರಿಯ ರಾಜಾ ಲಖಮಗೌಡರ ಹೆಸರು ಹೊತ್ತ ವಿಜ್ಞಾನ ಸಂಸ್ಥೆಯೂ ಈ ಭಾಗದ ದಾನಪರಂಪರೆಗೆ ಸಾಕ್ಷಿಯಾಗಿವೆ. ಆದರೆ ಪಠ್ಯಕ್ರಮ, ಪರೀಕ್ಷೆ, ಪದವಿಗಳೆಲ್ಲವೂ ದೂರದ ಮುಂಬಯಿ ವಿಶ್ವವಿದ್ಯಾಲಯದ ಕೈಯಲ್ಲಿದ್ದವು.

೧೯೪೯ರಲ್ಲಿ ಮುಂಬಯಿ ಸರಕಾರದ ಶಾಸನದಿಂದ ಕರ್ನಾಟಕ ವಿಶ್ವವಿದ್ಯಾಲಯ ಸ್ಥಾಪಿತವಾಗಿ, ಮರುವರುಷ ಧಾರವಾಡಕ್ಕೆ ಬಂದಿತು. ಅದಕ್ಕೆ ಗಟ್ಟಿಯಾದ ರೂಪ ಕೊಟ್ಟವರು ೧೯೫೪ರಿಂದ ೧೯೬೭ರವರೆಗೆ ಕುಲಪತಿಗಳಾಗಿದ್ದ ಡಾ. ದಾದಪ್ಪ ಚಿಂತಪ್ಪ ಪಾವಟೆಯವರು. ಇವರು ೧೮೯೯ರಲ್ಲಿ ಹುಟ್ಟಿದ್ದು ನಮ್ಮ ಗೋಕಾಕ ತಾಲೂಕಿನ ಮಮದಾಪುರದಲ್ಲಿ. ಕೇಂಬ್ರಿಜ್‌ನಲ್ಲಿ ಗಣಿತವನ್ನು ಅಭ್ಯಸಿಸಿ ರ‍್ಯಾಂಗ್ಲರ್ ಎನಿಸಿಕೊಂಡವರು. ಕಾಶಿಯ ಹಿಂದೂ ವಿಶ್ವವಿದ್ಯಾಲಯದಲ್ಲಿ ಗಣಿತ ಕಲಿಸಿದವರು. ಭಾರತೀಯ ವಿದ್ಯಾರ್ಥಿಗಳಿಗಾಗಿ ಕಲನಶಾಸ್ತ್ರದ ಪಠ್ಯಪುಸ್ತಕ ಬರೆದವರು. ಮುಂದೆ ೧೯೬೭ರಿಂದ ೧೯೭೩ರವರೆಗೆ ಪಂಜಾಬಿನ ರಾಜ್ಯಪಾಲರೂ ಆಗಿದ್ದರು. ಧಾರವಾಡದ ಗುಡ್ಡದ ಮೇಲಿನ ವಿಶ್ವವಿದ್ಯಾಲಯದ ನೆಲೆಯು ಇಂದು ಪಾವಟೆನಗರವೆಂದೇ ಹೆಸರಾಗಿದೆ. ಕಟ್ಟಡಗಳು ಕಣ್ಣಿಗೆ ಕಾಣುವುದರಿಂದ ಜನ ಅವುಗಳನ್ನೇ ನೆನೆಯುತ್ತಾರೆ. ಆದರೆ ಆ ಕಟ್ಟಡಗಳ ಒಳಗೆ ಬೇರೆಬೇರೆ ಶಾಸ್ತ್ರಗಳ ಸ್ನಾತಕೋತ್ತರ ವಿಭಾಗಗಳು ನೆಲೆಗೊಂಡುದೇ ನಿಜವಾದ ನಿರ್ಮಾಣವಾಗಿತ್ತು. ಒಂದು ಸಣ್ಣ ಹಳ್ಳಿಯ ಹುಡುಗ ಗಣಿತವನ್ನು ಅದರ ತುದಿಯವರೆಗೆ ಕಲಿತು ಬಂದು, ತನ್ನ ನಾಡಿನ ಮಕ್ಕಳಿಗೆ ಅಂಥ ತುದಿಯನ್ನು ಹತ್ತಿರ ತಂದುದು ಈ ಇತಿಹಾಸದ ತಿರುಳು.

ಅರ್ಜುನವಾಡದ ಕಲ್ಲು

ಹುಕ್ಕೇರಿ ತಾಲೂಕಿನ ಅರ್ಜುನವಾಡದಲ್ಲಿ ದೊರೆತ ಒಂದು ಶಿಲಾಶಾಸನವು ಕನ್ನಡ ನಾಡಿನ ಇತಿಹಾಸದಲ್ಲಿ ವಿಶೇಷ ಸ್ಥಾನ ಪಡೆದಿದೆ. ಇದು ಸೇವುಣ ದೊರೆ ಕನ್ನರನ ಕಾಲದ್ದು. ಶಕ ವರ್ಷ ೧೧೮೨ರದು, ಎಂದರೆ ಕ್ರಿಸ್ತಶಕ ೧೨೬೦ರದು. ಬಾಗೇವಾಡಿಯ ಮಾದಿರಾಜನ ಮಗನಾದ ಬಸವಣ್ಣನವರ ವಂಶದ ಉಲ್ಲೇಖ ಇದರಲ್ಲಿ ಬರುತ್ತದೆ. ಕಾವ್ಯ-ಪುರಾಣಗಳಲ್ಲಿ ಎದ್ದು ಕಾಣದ ದೇವರಾಜನೆಂಬ ಅಗ್ರಜನ ಹೆಸರೂ, ಅದೇ ವಂಶದ ಹಾಲಬಸವಿದೇವನ ಹೆಸರೂ ಇಲ್ಲಿವೆ. ಬಸವಣ್ಣನವರ ಕಾಲಕ್ಕೆ ಒಂದು ಶತಮಾನದೊಳಗೆ ಬರೆಯಿಸಿದ ಬರಹವಿದು. ಕಾವ್ಯ-ಪುರಾಣಗಳ ಕಥೆಯನ್ನು ಇತಿಹಾಸದ ಒರೆಗಲ್ಲಿಗೆ ಹಚ್ಚಲು ವಿದ್ವಾಂಸರು ಮತ್ತೆಮತ್ತೆ ಈ ಕಲ್ಲಿನ ಬಳಿಗೆ ಬಂದಿದ್ದಾರೆ.

ಕಲ್ಲು ತಾನಾಗಿ ಮಾತನಾಡುವುದಿಲ್ಲ. ಅದನ್ನು ಮಾತನಾಡಿಸುವ ಶಾಸ್ತ್ರವೊಂದಿದೆ. ಶಾಸನವನ್ನು ಮೊದಲು ನೀರಿನಿಂದ ತೊಳೆದು, ಅಕ್ಷರಗಳ ಸಂದಿಯ ಮಣ್ಣನ್ನೂ ಪಾಚಿಯನ್ನೂ ತೆಗೆಯಬೇಕು. ಹಸಿಮಾಡಿದ ಕಾಗದವನ್ನು ಕಲ್ಲಿನ ಮೇಲೆ ಹಾಸಿ, ಕುಂಚದಿಂದ ಮೆಲ್ಲನೆ ಬಡಿದು, ಕಾಗದವು ಅಕ್ಷರಗಳ ತಗ್ಗಿಗೆ ಇಳಿಯುವಂತೆ ಮಾಡಬೇಕು. ಮೇಲೆ ಮಸಿಯ ಗುಬುಟನ್ನು ಒತ್ತಿದಾಗ ಉಬ್ಬಿದ ಭಾಗ ಕಪ್ಪಾಗಿ, ಅಕ್ಷರಗಳು ಬಿಳಿಯಾಗಿ ಮೂಡುತ್ತವೆ. ಇದು ಪಡಿಯಚ್ಚು. ಆ ಬಳಿಕ ಓದು. ಯಾವ ಶತಮಾನದ ಲಿಪಿ, ಯಾವ ಅಕ್ಷರ ಸವೆದಿದೆ, ಯಾವುದು ಕಲ್ಲಿನ ಬಿರುಕು, ಯಾವುದು ಕಲ್ಕುಟಿಗನ ತಪ್ಪು ಎಂಬುದನ್ನು ನಿರ್ಧರಿಸಬೇಕು. ಶಕ ವರ್ಷಕ್ಕೆ ೭೮ ಕೂಡಿಸಿದರೆ ಕ್ರಿಸ್ತಶಕ ಸಿಗುತ್ತದೆಂದು ನಾವು ಶಾಲೆಯಲ್ಲಿ ಕಲಿಸುತ್ತೇವೆ. ಆದರೆ ಸಂಶೋಧಕನು ಅಷ್ಟಕ್ಕೆ ನಿಲ್ಲುವುದಿಲ್ಲ. ಶಾಸನದಲ್ಲಿ ಹೇಳಿದ ಸಂವತ್ಸರ, ತಿಥಿ, ವಾರಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದು ಲೆಕ್ಕ ಹಾಕಿ ನೋಡುತ್ತಾನೆ. ಹೊಂದದಿದ್ದರೆ ಆ ಶಾಸನವು ಕಾಲಾನಂತರ ಬರೆದ ಪ್ರತಿಯಾಗಿರಬಹುದೆಂಬ ಸಂದೇಹ ಹುಟ್ಟುತ್ತದೆ.

ಈ ವಿದ್ಯೆಗೆ ಧಾರವಾಡ ನೆಲೆಯಾಯಿತು. ೧೯೩೯ರಲ್ಲಿ ಮುಂಬಯಿ ಸರಕಾರವು ಅಲ್ಲಿ ಕನ್ನಡ ಸಂಶೋಧನ ಸಂಸ್ಥೆಯನ್ನು ಸ್ಥಾಪಿಸಿತು. ಆರ್. ಎಸ್. ಪಂಚಮುಖಿಯವರು ಅದರ ಮೊದಲ ನಿರ್ದೇಶಕರು. ಮುಂದೆ ಅದು ವಿಶ್ವವಿದ್ಯಾಲಯದ ಅಂಗವಾಯಿತು. ಪ್ರಾಚೀನ ಇತಿಹಾಸ ಮತ್ತು ಶಾಸನಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಪಿ. ಬಿ. ದೇಸಾಯಿಯವರು ಒಂದು ಕಡೆ ಶಾಸನಗಳನ್ನು ಓದುತ್ತ, ಇನ್ನೊಂದು ಕಡೆ ಅವುಗಳನ್ನು ಓದಬಲ್ಲ ವಿದ್ಯಾರ್ಥಿಗಳನ್ನು ಸಿದ್ಧಗೊಳಿಸಿದರು. ೧೯೬೮ರಲ್ಲಿ ಪ್ರಕಟವಾದ ಬಸವೇಶ್ವರ ಮತ್ತು ಅವನ ಕಾಲವನ್ನು ಕುರಿತ ಅವರ ಇಂಗ್ಲಿಷ್ ಗ್ರಂಥವೂ, ೧೯೭೦ರ ಕರ್ನಾಟಕದ ಇತಿಹಾಸವೂ ಇಂಥ ಆಧಾರಗಳ ಮೇಲೆ ನಿಂತವು. ನಮ್ಮ ಶಾಲೆಯ ಇತಿಹಾಸದ ಪಾಠದಲ್ಲಿ ಬರುವ ಒಂದೊಂದು ತೇದಿಯ ಹಿಂದೆಯೂ ಬಿಸಿಲಿನಲ್ಲಿ ಕಲ್ಲು ತೊಳೆದ ಕೈಗಳಿವೆ.

ಹೆಸರೊಂದು, ಊರೆರಡು

ಸಂಶೋಧನೆಯೆಂದರೆ ಹೊಸದನ್ನು ಕಂಡುಹಿಡಿಯುವುದಷ್ಟೇ ಅಲ್ಲ, ಬೆರೆತುಹೋದುದನ್ನು ಬೇರ್ಪಡಿಸುವುದೂ ಹೌದು. ಇದಕ್ಕೆ ನಮ್ಮ ಸೀಮೆಯಲ್ಲೇ ಎರಡು ಒಳ್ಳೆಯ ಉದಾಹರಣೆಗಳಿವೆ.

ಗೋಕಾಕದ ಹತ್ತಿರ ಒಂದು ಕೊಣ್ಣೂರು ಇದೆ. ನರಗುಂದ ತಾಲೂಕಿನಲ್ಲಿ ಇನ್ನೊಂದು ಕೊಣ್ಣೂರು ಇದೆ. ರಾಷ್ಟ್ರಕೂಟ ಅಮೋಘವರ್ಷನ ಹೆಸರಿನ ಪ್ರಸಿದ್ಧ ಶಾಸನ ನರಗುಂದದ ಕಡೆಯದು. ನಮ್ಮ ಕೊಣ್ಣೂರಿನಲ್ಲಿರುವುದು ಸವದತ್ತಿಯ ರಟ್ಟರ ಕಾಲದ ಶಾಸನ. ಊರ ಹೆಸರು ಒಂದೇ ಎಂದು ಅದನ್ನು ಇದಕ್ಕೆ ಹಚ್ಚಿದರೆ ಎರಡು ಶತಮಾನಗಳೇ ತಲೆಕೆಳಗಾಗುತ್ತವೆ. ಅಷ್ಟೇ ಅಲ್ಲ, ಗೋಕಾಕದ ಈ ಕೊಣ್ಣೂರಿನ ಬಳಿ ಇತಿಹಾಸಪೂರ್ವ ಕಾಲದ ಕಲ್ಮನೆಯ ಸಮಾಧಿಗಳೂ ಇವೆ. ದೊಡ್ಡ ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿ ಕಟ್ಟಿದ ಇಂಥವನ್ನು ನಮ್ಮ ಜನ ಪಾಂಡವರ ಮನೆಗಳೆಂದು ಕರೆಯುವುದುಂಟು. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಪುರಾತತ್ವವನ್ನು ಕಲಿಸಿದ ಡಾ. ಅ. ಸುಂದರ ಅವರು ಇಂಥ ಸಮಾಧಿಗಳ ರಚನಾಭೇದಗಳನ್ನು ಶಾಸ್ತ್ರೀಯವಾಗಿ ವಿಂಗಡಿಸಿ, ೧೯೭೫ರಲ್ಲಿ ಗ್ರಂಥ ಪ್ರಕಟಿಸಿದರು. ಪಾಂಡವರ ಮನೆ ಎಂಬ ಮಾತು ಜನರ ಭಕ್ತಿಯಿಂದ ಬಂದುದು, ಅದನ್ನು ಹಳಿಯಬೇಕಾಗಿಲ್ಲ. ಆದರೆ ಆ ಚಪ್ಪಡಿಗಳ ಕೆಳಗೆ ಮಲಗಿದವರು ಈ ನೆಲದ ಆದಿ ನಿವಾಸಿಗಳಲ್ಲಿ ಕೆಲವರೆಂದು ತಿಳಿದಾಗ ಮಗುವಿಗೆ ತನ್ನ ಊರಿನ ವಯಸ್ಸು ಅರಿವಾಗುತ್ತದೆ.

ಎರಡನೆಯ ಉದಾಹರಣೆ ಶ್ರೀಕೃಷ್ಣ ಪಾರಿಜಾತದ್ದು. ಪಾರಿಜಾತದ ತಮ್ಮಣ್ಣ ಯಾರೆಂದು ಕೇಳಿದರೆ ಉತ್ತರ ಸುಲಭವಲ್ಲ. ಏಕೆಂದರೆ ತಮ್ಮಣ್ಣರು ಇಬ್ಬರು. ಅಪರಾಳ ತಮ್ಮಣ್ಣನದು ಮೂಲ ಕೃತಿ. ಅದನ್ನು ಆಟಕ್ಕೆ ಅಳವಡಿಸಿ ರಂಗದ ಮೇಲೆ ಬೆಳಗಿಸಿದವನು ಇಂದಿನ ಮೂಡಲಗಿ ತಾಲೂಕಿನ ಕುಲಗೋಡದ ತಮ್ಮಣ್ಣ. ಕೌಜಲಗಿ ನಿಂಗಮ್ಮನಂಥ ಕಲಾವಿದೆಯರಿಂದ ಆ ಆಟ ಮನೆಮಾತಾಯಿತು. ಜಾನಪದವನ್ನು ಸ್ನಾತಕೋತ್ತರ ಅಧ್ಯಯನದ ವಿಷಯವನ್ನಾಗಿ ಮಾಡಿದಾಗ ಧಾರವಾಡದ ಕನ್ನಡ ಅಧ್ಯಾಪಕರು ಹಾಡು, ಸಣ್ಣಾಟ, ದೊಡ್ಡಾಟಗಳನ್ನು ಹಳ್ಳಿಹಳ್ಳಿಗಳಿಂದ ಸಂಗ್ರಹಿಸಿದರು, ಡಾ. ಎಂ. ಎಸ್. ಸುಂಕಾಪುರ ಅವರು ಆ ಸಾಲಿನಲ್ಲಿ ಸ್ಮರಣೀಯರು. ಅಕ್ಷರ ಬಾರದವರ ಬಾಯಲ್ಲಿದ್ದ ಸಾಹಿತ್ಯವು ಹೀಗೆ ವಿಶ್ವವಿದ್ಯಾಲಯದ ಪಾಠವಾಯಿತು. ಊರಿನವರು ಗುರುಗಳಾದರು, ಪ್ರಾಧ್ಯಾಪಕರು ವಿದ್ಯಾರ್ಥಿಗಳಾದರು.

ಗ್ರಂಥಸಂಪಾದನೆಯ ಪಾಠ

ವಚನ ಸಾಹಿತ್ಯದ ಪ್ರಕಟನೆಯು ವಿಶ್ವವಿದ್ಯಾಲಯಕ್ಕೂ ಮೊದಲೇ ಆರಂಭವಾದುದೆಂಬುದನ್ನು ಕೃತಜ್ಞತೆಯಿಂದ ನೆನೆಯಬೇಕು. ವಿಜಾಪುರದ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಮನೆಮನೆಯ ತಾಳೆಗರಿಗಳನ್ನು ಸಂಗ್ರಹಿಸಿ, ೧೯೨೩ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ ಅಚ್ಚು ಹಾಕಿಸಿದರು. ಶಿ. ಶಿ. ಬಸವನಾಳರು ಆ ಕಾರ್ಯವನ್ನು ಮುಂದುವರಿಸಿದರು. ಲಂಡನ್ನಿನಲ್ಲಿ ಸಂಶೋಧನೆ ಮಾಡಿ ಬಂದ ಡಾ. ಎಸ್. ಸಿ. ನಂದಿಮಠರು ೧೯೪೨ರಲ್ಲಿ ವೀರಶೈವವನ್ನು ಕುರಿತು ಇಂಗ್ಲಿಷಿನಲ್ಲಿ ಕೈಪಿಡಿಯೊಂದನ್ನು ಪ್ರಕಟಿಸಿದರು. ಕರ್ನಾಟಕ ವಿಶ್ವವಿದ್ಯಾಲಯವು ಹಳಕಟ್ಟಿಯವರಿಗೆ ಗೌರವ ಡಾಕ್ಟರೇಟ್ ನೀಡಿದಾಗ, ಹೊರಗೆ ನಡೆದ ವಿದ್ವತ್ತಿನ ಋಣವನ್ನು ಒಪ್ಪಿಕೊಂಡಂತಾಯಿತು.

ವಿಶ್ವವಿದ್ಯಾಲಯ ಇದಕ್ಕೆ ಏನನ್ನು ಕೂಡಿಸಿತು? ಕ್ರಮವನ್ನು ಕೂಡಿಸಿತು. ಒಂದು ಗ್ರಂಥದ ನಾಲ್ಕು ಹಸ್ತಪ್ರತಿಗಳು ಸಿಕ್ಕರೆ ನಾಲ್ಕರಲ್ಲಿಯೂ ಪಾಠ ಬೇರೆಬೇರೆಯಾಗಿರುತ್ತದೆ. ಲಿಪಿಕಾರನು ಒಂದೇ ಬಗೆಯ ಎರಡು ಅಕ್ಷರಗಳನ್ನು ಅದಲುಬದಲು ಮಾಡಿರುತ್ತಾನೆ. ಒಂದೇ ಮಾತಿನಿಂದ ಮೊದಲಾಗುವ ಎರಡು ಸಾಲುಗಳಲ್ಲಿ ಒಂದನ್ನು ಬಿಟ್ಟಿರುತ್ತಾನೆ. ಹಳೆಯ ಶಬ್ದ ತಿಳಿಯದೆ ತನಗೆ ತಿಳಿದ ಶಬ್ದವನ್ನು ಹಾಕಿರುತ್ತಾನೆ. ಹೆಚ್ಚು ಪ್ರತಿಗಳಲ್ಲಿ ಇರುವುದೇ ಸರಿಯೆಂದು ಹೇಳಲೂ ಬಾರದು. ಏಕೆಂದರೆ ಮೂರು ಪ್ರತಿಗಳು ಒಂದೇ ತಪ್ಪು ಪ್ರತಿಯಿಂದ ಇಳಿದಿರಬಹುದು. ಪ್ರತಿಗಳ ವಂಶವೃಕ್ಷವನ್ನು ಬರೆದು, ಯಾವುದು ತಾಯಿ, ಯಾವುದು ಮಗಳು ಎಂದು ಗುರುತಿಸಿದ ಮೇಲೆಯೇ ಪಾಠನಿರ್ಣಯ. ಡಾ. ಆರ್. ಸಿ. ಹಿರೇಮಠರು ಕನ್ನಡ ವಿಭಾಗವನ್ನು ಕಟ್ಟಿ ಬೆಳೆಯಿಸಿ, ವಚನಗಳ ಶಾಸ್ತ್ರೀಯ ಸಂಪಾದನೆಗೆ ದಾರಿ ಹಾಕಿದರು. ಮುಂದೆ ಕುಲಪತಿಗಳೂ ಆದರು. ಡಾ. ಎಂ. ಎಂ. ಕಲಬುರ್ಗಿಯವರು ಈ ಶಾಸ್ತ್ರವನ್ನು ಬಳಸಿದ್ದಷ್ಟೇ ಅಲ್ಲ, ಕನ್ನಡ ಗ್ರಂಥಸಂಪಾದನೆಯ ಶಾಸ್ತ್ರವನ್ನೇ ಪುಸ್ತಕವಾಗಿ ಬರೆದು ವಿದ್ಯಾರ್ಥಿಗಳ ಕೈಗಿತ್ತರು.

೧೯೩೮ರಲ್ಲಿ ಹುಟ್ಟಿದ ಕಲಬುರ್ಗಿಯವರು ಕರ್ನಾಟಕ ಮಹಾವಿದ್ಯಾಲಯದ ಅಧ್ಯಾಪಕರಾಗಿ ವೃತ್ತಿಯನ್ನಾರಂಭಿಸಿ, ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಕುಲಪತಿಗಳಾಗಿ ದುಡಿದರು. ೧೯೯೩ರಲ್ಲಿ ರಾಜ್ಯ ಸರಕಾರ ಹೊರತಂದ ಸಮಗ್ರ ವಚನ ಸಂಪುಟಗಳ ಪ್ರಧಾನ ಸಂಪಾದಕರು ಅವರೇ. ಹಲವು ಸಂಪಾದಕರು ಕೂಡಿ ನಡೆಸಿದ ಆ ಯೋಜನೆಯು ಒಬ್ಬ ಗುರುವಿನ ತರಗತಿಯಲ್ಲಿ ಕಲಿತ ಶಿಸ್ತು ಅನೇಕ ಕೈಗಳಿಗೆ ಹಬ್ಬಿದುದರ ಫಲ. ಅವರ ಸಂಶೋಧನ ಪ್ರಬಂಧಗಳ ಸಂಕಲನ ಮಾರ್ಗದ ನಾಲ್ಕನೆಯ ಸಂಪುಟಕ್ಕೆ ೨೦೦೬ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ೨೦೧೫ರ ಆಗಸ್ಟ್ ೩೦ರಂದು ಧಾರವಾಡದ ತಮ್ಮ ಮನೆಯಲ್ಲಿ ಅವರು ಗುಂಡಿಗೆ ಬಲಿಯಾದರು. ಸಂಶೋಧಕನ ತೀರ್ಮಾನವನ್ನು ಒಪ್ಪದವರು ಬೇರೆ ಆಧಾರವನ್ನು ಮುಂದಿಡಬೇಕು. ವಿದ್ಯೆಯ ಲೋಕದಲ್ಲಿ ಉತ್ತರ ಕೊಡುವ ಮಾರ್ಗ ಅದೊಂದೇ. ಈ ಪಾಠವನ್ನು ಪ್ರೌಢಶಾಲೆಯ ಚರ್ಚಾಕೂಟದಿಂದಲೇ ಕಲಿಸಬೇಕಾಗಿದೆ.

ವಿಜ್ಞಾನ ವಿಭಾಗಗಳ ಕಾರ್ಯ

ಕಲಾವಿಭಾಗಕ್ಕೆ ಶಾಸನ-ಹಸ್ತಪ್ರತಿಗಳು ಹೇಗೋ, ವಿಜ್ಞಾನ ವಿಭಾಗಕ್ಕೆ ಈ ನೆಲ, ನೀರು, ಜೀವಿಗಳು ಹಾಗೆ. ಭೂವಿಜ್ಞಾನದಲ್ಲಿ ಕಲಾದಗಿ ಮತ್ತು ಧಾರವಾಡ ಎಂಬ ಎರಡು ಹೆಸರುಗಳು ಜಗತ್ತಿನ ವಿದ್ವಾಂಸರಿಗೆಲ್ಲ ಪರಿಚಿತ. ಎರಡನ್ನೂ ಶಿಲಾಸಮೂಹಗಳ ಹೆಸರಾಗಿ ಬಳಕೆಗೆ ತಂದವರು ರಾಬರ್ಟ್ ಬ್ರೂಸ್ ಫೂಟ್. ೧೮೭೬ರಲ್ಲಿ ಅವರು ದಕ್ಷಿಣ ಮರಾಠಾ ಪ್ರದೇಶದ ಭೂರಚನೆಯನ್ನು ಕುರಿತು ವಿಸ್ತಾರವಾದ ವರದಿ ಪ್ರಕಟಿಸಿದರು. ಘಟಪ್ರಭೆಯು ಸುಮಾರು ೫೨ ಮೀಟರ್ ಧುಮುಕುವ ಗೋಕಾಕದ ಬಂಡೆಯು ಕಲಾದಗಿ ಸಮೂಹದ ಮರಳುಗಲ್ಲು. ಪಶ್ಚಿಮದ ಕಡೆಗೆ ಹರಡಿರುವುದು ದಖ್ಖನದ ಲಾವಾಶಿಲೆ. ಅದರ ವಯಸ್ಸು ಸುಮಾರು ೬.೬ ಕೋಟಿ ವರುಷ. ಮರಳುಗಲ್ಲು ಅದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು ಹಳೆಯದು. ಲಾವಾಶಿಲೆ ಸವೆದು ಎರೆಭೂಮಿಯಾಯಿತು. ಆ ಎರೆಯಲ್ಲಿ ಜೋಳ, ಕಬ್ಬು ಬೆಳೆಯುತ್ತವೆ. ಹೀಗೆ ಜಲಪಾತ, ಮಣ್ಣು, ಬೆಳೆ ಇವು ಮೂರೂ ಒಂದೇ ಪಾಠದ ಮೂರು ಪುಟಗಳು. ಭೂವಿಜ್ಞಾನದ ಪ್ರಾಧ್ಯಾಪಕನು ವಿದ್ಯಾರ್ಥಿಗಳನ್ನು ಬಂಡೆಯ ಎದುರಿಗೆ ನಿಲ್ಲಿಸಿ ಹೇಳುವ ಒಂದು ಮಾತು ಪುಸ್ತಕದ ಹತ್ತು ಪುಟಗಳಿಗೆ ಸಮ.

ಪ್ರಾಣಿಶಾಸ್ತ್ರದಲ್ಲಿ ಡಾ. ಎಸ್. ಕೆ. ಸೈದಾಪುರ ಅವರ ಕಾರ್ಯ ಉಲ್ಲೇಖನೀಯ. ಮುಂದೆ ಕುಲಪತಿಗಳೂ ಆದ ಅವರು ಹಾಗೂ ಅವರ ಶಿಷ್ಯರು ಕಪ್ಪೆಗಳ ಸಂತಾನೋತ್ಪತ್ತಿಯನ್ನೂ ಗೊದಮೊಟ್ಟೆಗಳ ವರ್ತನೆಯನ್ನೂ ಬಹುಕಾಲ ಅಭ್ಯಸಿಸಿದರು. ಒಂದೇ ತಾಯಿಯ ಮೊಟ್ಟೆಗಳಿಂದ ಬಂದ ಗೊದಮೊಟ್ಟೆಗಳು ಪರಸ್ಪರ ಗುರುತಿಸುತ್ತವೆಯೇ ಎಂಬಂಥ ಪ್ರಶ್ನೆಗೆ ದುಬಾರಿ ಯಂತ್ರಕ್ಕಿಂತ ತಾಳ್ಮೆಯ ವೀಕ್ಷಣೆಯೇ ಮುಖ್ಯ. ಮಳೆಗಾಲದ ಹೊಂಡವೊಂದರಿಂದ ಇಂಥ ಪ್ರಶ್ನೆ ಹುಟ್ಟಬಲ್ಲುದೆಂದು ತಿಳಿದರೆ, ಹಳ್ಳಿಯ ಶಾಲೆಯ ವಿಜ್ಞಾನ ಶಿಕ್ಷಕರಿಗೆ ಪ್ರಯೋಗಾಲಯದ ಬಡತನ ಅಷ್ಟಾಗಿ ಬಾಧಿಸದು.

ಸಂಶೋಧನೆಯನ್ನು ಬೋಧನೆಯೊಡನೆ ಬೆರೆಸಿದ ಕನ್ನಡಿಗ ಪ್ರಾಧ್ಯಾಪಕರಲ್ಲಿ, ನಾಡಿನ ಹೊರಗೆ ದುಡಿದ ಡಾ. ಬಿ. ಜಿ. ಎಲ್. ಸ್ವಾಮಿಯವರನ್ನೂ ಇಲ್ಲಿ ನೆನೆಯಬೇಕು. ಮದರಾಸಿನ ಪ್ರೆಸಿಡೆನ್ಸಿ ಮಹಾವಿದ್ಯಾಲಯದಲ್ಲಿ ಸಸ್ಯಶಾಸ್ತ್ರ ಕಲಿಸಿದ ಅವರು ಸಸ್ಯಗಳ ಅಂಗರಚನೆಯಲ್ಲಿ ಅಂತರರಾಷ್ಟ್ರೀಯ ಖ್ಯಾತಿ ಪಡೆದವರು. ವಿದ್ಯಾರ್ಥಿಗಳೊಡನೆ ಕಾಡು ಸುತ್ತಿದ ಅನುಭವವನ್ನು ಹಸುರು ಹೊನ್ನು ಎಂಬ ಕೃತಿಯಲ್ಲಿ ಕನ್ನಡಿಗರಿಗೆ ಕೊಟ್ಟರು. ೧೯೭೮ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ಸಂಶೋಧನೆ, ಬೋಧನೆ, ಮಾತೃಭಾಷೆಯ ಬರವಣಿಗೆ ಇವು ಮೂರೂ ಒಬ್ಬನಲ್ಲಿ ಕೂಡಿ ಬರಬಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಇಂದಿನ ಆತಂಕ

ಇಷ್ಟು ಹೇಳಿದ ಮೇಲೆ ಇಂದಿನ ಸ್ಥಿತಿಯನ್ನೂ ಹೇಳದೆ ಬಿಡಲಾಗದು. ವಿಶ್ವವಿದ್ಯಾಲಯಗಳ ಸಂಖ್ಯೆ ಬೆಳೆದಿದೆ. ೧೯೮೦ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ, ೨೦೧೦ರಲ್ಲಿ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಹುಟ್ಟಿ, ಉನ್ನತ ಶಿಕ್ಷಣವು ನಮ್ಮ ಹೊಸ್ತಿಲಿಗೆ ಬಂದಿದೆ. ಬಡವರ ಮಕ್ಕಳಿಗೆ, ವಿಶೇಷವಾಗಿ ಹೆಣ್ಣುಮಕ್ಕಳಿಗೆ ಇದರಿಂದಾದ ಉಪಕಾರ ದೊಡ್ಡದು. ಆದರೆ ನಾಡಿನ ಅನೇಕ ವಿಶ್ವವಿದ್ಯಾಲಯಗಳಲ್ಲಿ ಖಾಯಂ ಹುದ್ದೆಗಳು ತೆರವಾಗಿದ್ದು, ಅತಿಥಿ ಉಪನ್ಯಾಸಕರಿಂದ ಪಾಠಗಳು ಸಾಗುತ್ತಿವೆ. ಮುಂದಿನ ವರುಷ ತಾನು ಎಲ್ಲಿರುವೆನೆಂದು ತಿಳಿಯದ ಅಧ್ಯಾಪಕನು ಹತ್ತು ವರುಷದ ಸಂಶೋಧನೆಯನ್ನು ಹೇಗೆ ಕೈಗೆತ್ತಿಕೊಂಡಾನು?

ಇನ್ನೊಂದು ಕಡೆ, ೨೦೧೦ರಿಂದ ಅಧ್ಯಾಪಕರ ಬಡ್ತಿಗೆ ಲೇಖನಗಳನ್ನು ಅಂಕಗಳಲ್ಲಿ ಅಳೆಯುವ ಪದ್ಧತಿ ಬಂದು, ಸಂಖ್ಯೆಯೇ ಗುರಿಯಾಗುವ ಅಪಾಯ ಹುಟ್ಟಿತು. ನಿಯಮಗಳು ಆ ಬಳಿಕ ಬದಲಾದರೂ ರೂಢಿ ಬೇಗ ಬದಲಾಗುವುದಿಲ್ಲ. ಓದುವವರಿಲ್ಲದ ಹತ್ತು ಲೇಖನಗಳಿಗಿಂತ, ಒಂದು ಊರಿನ ಒಂದು ಶಾಸನವನ್ನು ತಪ್ಪಿಲ್ಲದೆ ಓದಿ ಆ ಊರಿನವರಿಗೆ ತಿಳಿಯುವಂತೆ ಹೇಳಿದ ಒಂದು ಲೇಖನ ಮೇಲು. ಸಂಶೋಧನೆಯನ್ನು ಮರೆತ ಬೋಧನೆಯು ಹಳೆಯ ಟಿಪ್ಪಣಿಯ ಪಠನವಾಗುತ್ತದೆ. ಬೋಧನೆಯನ್ನು ಮರೆತ ಸಂಶೋಧನೆಯು ಕಪಾಟಿನ ಸ್ವತ್ತಾಗುತ್ತದೆ. ಇವೆರಡು ಒಂದೇ ನೊಗದ ಎತ್ತುಗಳು. ಒಂದು ನಿಂತರೆ ಬಂಡಿ ಸುತ್ತುತ್ತದೆಯೇ ಹೊರತು ಮುಂದೆ ಸಾಗುವುದಿಲ್ಲ.

ನಮ್ಮ ಹೊಣೆ

ಈ ಕಾರ್ಯವೆಲ್ಲ ಧಾರವಾಡದ್ದು, ಬೆಳಗಾವಿಯದು ಎಂದು ನಾವು ಕೈಕಟ್ಟಿ ಕೂಡುವಂತಿಲ್ಲ. ಪ್ರಾಧ್ಯಾಪಕನ ಸಂಶೋಧನೆಯ ಮೊದಲ ಕೊಂಡಿ ಊರಲ್ಲಿಯೇ ಇದೆ. ಹೊಲದ ಬದುವಿನಲ್ಲಿ ಬಿದ್ದ ಶಾಸನ, ಬಾಗಿಲ ಮೆಟ್ಟಿಲಾದ ವೀರಗಲ್ಲು, ಅಟ್ಟದ ಮೇಲಿನ ತಾಳೆಗರಿಯ ಕಟ್ಟು, ಅಜ್ಜಿಯ ಬಾಯಲ್ಲಿರುವ ಬೀಸುವ ಹಾಡು ಇವು ಮೊದಲು ಕಣ್ಣಿಗೆ ಬ���ಳುವುದು ಶಾಲೆಯ ಗುರುಗಳಿಗೆ, ಅವರ ಶಿಷ್ಯರಿಗೆ. ಶಾಸನ ಕಂಡರೆ ಅದಕ್ಕೆ ಸುಣ್ಣ, ಎಣ್ಣೆಬಣ್ಣ ಬಳಿಯದಂತೆ ನೋಡಿಕೊಳ್ಳಬೇಕು, ಉಳಿಯಿಂದ ಕೆದಕಬಾರದು, ಛಾಯಾಚಿತ್ರ ತೆಗೆದು, ಊರು, ಹೊಲ, ದಿಕ್ಕುಗಳನ್ನು ಬರೆದಿಟ್ಟು, ಹತ್ತಿರದ ವಿಶ್ವವಿದ್ಯಾಲಯದ ಇತಿಹಾಸ ಅಥವಾ ಕನ್ನಡ ವಿಭಾಗಕ್ಕೆ ತಿಳಿಸಬೇಕು. ತಾಳೆಗರಿ ದೊರೆತರೆ ಹೊಳೆಗೆ ಬಿಡುವ ಪದ್ಧತಿಯನ್ನು ಬಿಟ್ಟು, ಓದಬಲ್ಲವರ ಕೈಗೆ ಒಪ್ಪಿಸಬೇಕು.

ಉಚ್ಚ ಶಿಕ್ಷಣ ಪಡೆದ ಹಳೆಯ ವಿದ್ಯಾರ್ಥಿಗಳು ವರುಷಕ್ಕೊಮ್ಮೆ ಶಾಲೆಗೆ ಬಂದು, ತಮ್ಮ ಶಾಸ್ತ್ರದಲ್ಲಿ ಹೊಸದಾಗಿ ತಿಳಿದುದನ್ನು ಹತ್ತನೆಯ ತರಗತಿಯ ಮಕ್ಕಳಿಗೆ ಅರ್ಥವಾಗುವಂತೆ ಹೇಳಿದರೆ ಗುರುಋಣದ ಒಂದಂಶ ತೀರುತ್ತದೆ. ದಾನಿಗಳಲ್ಲಿ ಒಂದು ವಿನಂತಿ: ಗೋಡೆಯ ಮೇಲೆ ಹೆಸರು ಬರೆಯಿಸುವ ಕೊಠಡಿಗಳು ಬೇಕು, ಅವುಗಳೊಡನೆ, ಒಬ್ಬ ಬಡ ವಿದ್ಯಾರ್ಥಿ ಎರಡು ವರುಷ ನಿಶ್ಚಿಂತೆಯಿಂದ ಸಂಶೋಧನೆ ಮಾಡಲು ಬೇಕಾಗುವ ವೇತನವೂ, ಶಾಲೆಯ ಗ್ರಂಥಾಲಯಕ್ಕೆ ಶಾಸನ ಸಂಪುಟಗಳೂ ಬೇಕು. ಶಿರಸಂಗಿಯ ಲಿಂಗರಾಜರ ಸಂಪತ್ತು ವಿದ್ಯೆಗೆ ಸಂದುದರಿಂದಲೇ ಅವರ ಹೆಸರು ಇಂದಿಗೂ ಉಳಿದಿದೆ.

ಅರ್ಜುನವಾಡದ ಶಾಸನವನ್ನು ಬರೆಯಿಸಿ ೭೬೦ ವರುಷಗಳಿಗೂ ಮಿಕ್ಕಿ ಸಂದಿವೆ. ಅದರ ಅರ್ಥವು ಲೋಕಕ್ಕೆ ತಿಳಿದುದು ಓದಬಲ್ಲ ವಿದ್ವಾಂಸರು ಅದರ ಬಳಿಗೆ ಬಂದಾಗ. ಮಕ್ಕಳಿಗೆ ತಿಳಿದುದು ಆ ವಿದ್ವಾಂಸರಿಂದ ಕಲಿತ ಗುರುಗಳು ಶಾಲೆಗಳಿಗೆ ಬಂದಾಗ. ಓದದೆ ಬಿದ್ದ ಕಲ್ಲುಗಳು ನಮ್ಮ ಸೀಮೆಯಲ್ಲಿ ಇನ್ನೂ ಇರಬಹುದು. ಅವುಗಳನ್ನು ಓದುವವರು ನಮ್ಮ ಇಂದಿನ ವಿದ್ಯಾರ್ಥಿಗಳಲ್ಲಿಯೇ ಇರಬೇಕೆಂಬುದು ನಮ್ಮೆಲ್ಲರ ಹಾರೈಕೆಯೂ ಪ್ರಯತ್ನವೂ ಆಗಲಿ.